ಕಡಲಪಾಲಾದ ನಾವಿಕರಿಗೊಂದು ಸ್ಮರಣೆಯ ದಿನ: ದೇಣಿಗೆಗಾಗಿ ಮನವಿ

ಮಾನ್ಯರೇ,

ಕಡಲಪಾಲಾದವರಿಗೆ ಸಮಾಧಿ ಇರುವುದಿಲ್ಲ. ಶವ ಸಿಗದಿದ್ದರೆ ಮರಣಪತ್ರಕ್ಕೂ ಹಲವು ದೇಶಗಳಲ್ಲಿ 7 ವರ್ಷ ಕಾಯಬೇಕು. ಇಂಥವರಿಗಾಗಿ ವರ್ಷಕ್ಕೊಂದು ಸಾರ್ವಜನಿಕ ಸ್ಮರಣೆಯ ದಿನ ಗೊತ್ತುಮಾಡಿ, ಹೆಸರುಗಳ ಶಿಲಾಫಲಕ ನಿಲ್ಲಿಸಲು ನಮ್ಮ ಟ್ರಸ್ಟ್ ಹೊರಟಿದೆ.

ಜೂನ್ 25 ಇದೆಯಲ್ಲ ಎನ್ನುವವರುಂಟು. ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆಯ 2010ರ ಮನಿಲಾ ಸಮ್ಮೇಳನದಲ್ಲಿ ನಿರ್ಧಾರವಾಗಿ, 2011ರಿಂದ ನಡೆದುಬಂದಿರುವ ಆ ನಾವಿಕರ ದಿನ ಮುಖ್ಯವಾಗಿ ಈಗ ದುಡಿಯುತ್ತಿರುವವರಿಗೆ ಸಲ್ಲುವ ಕೃತಜ್ಞತೆ. ಬ್ರಿಟನ್ ವ್ಯಾಪಾರಿ ನೌಕಾದಳದ ದಿನವಾಗಿ ಆಚರಿಸುವ ಸೆಪ್ಟೆಂಬರ್ 3ರ ಹಿಂದೆ 1939ರಲ್ಲಿ ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಅಥೀನಿಯಾ ಎಂಬ ಪ್ರಯಾಣಿಕರ ಹಡಗು ಮುಳುಗಿದ ನೆನಪಿದೆ. ಅದರ ಒತ್ತು ಯುದ್ಧದ ಮೇಲೆ. ಬಿರುಗಾಳಿಗೆ ಸಿಕ್ಕವರು, ಡೆಕ್ಕಿನಿಂದ ಜಾರಿಬಿದ್ದವರು, ಮೀನಿಗೆ ಹೋಗಿ ಮರಳದವರು ಎರಡರಲ್ಲೂ ಹಿನ್ನೆಲೆಗೆ ಸರಿಯುತ್ತಾರೆ.

ಕಲ್ಲಿಗಿಂತ ಹೆಚ್ಚಿನ ಕೆಲಸ ಹೆಸರುಗಳದ್ದು. ದೊಡ್ಡ ಹಡಗಿಗಾದರೆ ಸಿಬ್ಬಂದಿ ಪಟ್ಟಿ ಇರುತ್ತದೆ. ಸಣ್ಣ ದೋಣಿಗಳಲ್ಲಿ ಯಾರು ಹತ್ತಿದ್ದರೆಂಬುದು ಎಷ್ಟೋ ಸಲ ಬಾಯಿಮಾತು. ಕೊನೆಗಳಿಗೆಯಲ್ಲಿ ಬದಲಿಯಾಗಿ ಹೋದವರ ಹೆಸರು ಬಿಟ್ಟುಹೋಗಿ, ದಡದಲ್ಲೇ ಉಳಿದವರ ಹೆಸರು ಸತ್ತವರ ಪಟ್ಟಿ ಸೇರುವುದುಂಟು. ಹಾಗಾಗಿ ಪ್ರತಿ ಹೆಸರಿಗೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರ, ಜೊತೆಗೆ ಮನೆಯವರ ಲಿಖಿತ ಒಪ್ಪಿಗೆ ಬೇಕೇಬೇಕು. ಇವತ್ತಲ್ಲ ನಾಳೆ ಬಂದಾನೆಂದು ಕಾಯುತ್ತಿರುವ ತಾಯಿಯನ್ನು ಕೇಳದೆ ಮಗನ ಹೆಸರು ಕೆತ್ತಿಸುವ ಹಕ್ಕು ಯಾರಿಗೂ ಇಲ್ಲ. ಅಂಥ ಹೆಸರುಗಳಿಗಾಗಿ ಫಲಕದಲ್ಲಿ ಜಾಗ ಖಾಲಿ ಬಿಡುತ್ತೇವೆ.

ಫಲಕ ಗ್ರಾನೈಟಿನದು. ಅಮೃತಶಿಲೆ ನೋಡಲು ಚೆಂದ, ಆದರೆ ಉಪ್ಪುಗಾಳಿಗೆ ಅಕ್ಷರಗಳ ಅಂಚು ಸವೆದುಹೋಗುತ್ತದೆ. ಬಣ್ಣ ತುಂಬಿದ ಅಕ್ಷರವೂ ಬಾಳದು, ಆಳವಾಗಿ ಕೆತ್ತಬೇಕು. ಕಲ್ಲು ಹಿಡಿದಿಡಲು ಕಬ್ಬಿಣ ಹಾಕಿದರೆ ತುಕ್ಕು ಉಬ್ಬಿ ಕಲ್ಲನ್ನು ಒಳಗಿನಿಂದಲೇ ಸೀಳುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಗ್ಗ, ಕಡಲಂಚಿನಲ್ಲಿ ಅದಕ್ಕೂ ಕಲೆ ಹತ್ತುತ್ತದೆ. 316 ದರ್ಜೆಯ ಬೋಲ್ಟೇ ಆಗಬೇಕು.

ಆ ದಿನದ ಕಾರ್ಯಕ್ರಮ ಚಿಕ್ಕದು, ಭಾಷಣಗಳಿಲ್ಲ. ಬಾವುಟವನ್ನು ಮೊದಲು ತುದಿಗೇರಿಸಿ, ಆಮೇಲೆ ಅರ್ಧಕ್ಕಿಳಿಸುವುದು. ಹೆಸರುಗಳನ್ನು ಓದಿ ಮುಗಿಸಿ ಕಂಚಿನ ಗಂಟೆಯನ್ನು ಎರಡೆರಡಾಗಿ ಒಟ್ಟು ಎಂಟು ಏಟು ಬಾರಿಸುವುದು. ಹಡಗಿನಲ್ಲಿ 4 ಗಂಟೆಗಳ ಪಾಳಿ ಮುಗಿದ ಗುರುತು ಅದು. ನೀರಿಗೆ ಬಿಡುವ ಹಾರದಲ್ಲಿ ತಂತಿ, ಥರ್ಮೋಕೋಲ್, ಪ್ಲಾಸ್ಟಿಕ್ ರಿಬ್ಬನ್ ಇರಕೂಡದು. ಗಾಳಿಗೆ ಎದುರಾಗಿ ಎಸೆದರೆ ಹಾರ ಡೆಕ್ಕಿಗೇ ವಾಪಸ್ಸು ಬರುತ್ತದೆ, ಗಾಳಿ ಹೋಗುವ ಬದಿಯಿಂದಲೇ ಬಿಡಬೇಕು.

ಇಂಥ ದಿನಗಳು ನಿಂತುಹೋಗುವುದು ಮೊದಲ ವರ್ಷದಲ್ಲಲ್ಲ. ಉತ್ಸಾಹ ಇಳಿದ ಮೇಲೆ ಗಂಟೆ ಉಜ್ಜಲು, ಕಲ್ಲು ತೊಳೆಯಲು, ಹೊಸ ಹೆಸರು ಕೆತ್ತಿಸಲು ಹಣವಿರುವುದಿಲ್ಲ. ಆದ್ದರಿಂದ ನಿಮ್ಮ ದೇಣಿಗೆಯ ಅರ್ಧ ಭಾಗ ಠೇವಣಿಗೆ ಹೋಗುತ್ತದೆ, ಬಡ್ಡಿಯನ್ನಷ್ಟೇ ಖರ್ಚು ಮಾಡುತ್ತೇವೆ. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಲೆಕ್ಕ ಪ್ರತಿವರ್ಷ ಆಡಿಟ್ ಆಗುತ್ತದೆ. ದಾನಿಗಳ ಹೆಸರು ಮಾತ್ರ ಫಲಕದ ಮೇಲೆ ಬರುವುದಿಲ್ಲ, ದಯವಿಟ್ಟು ಕೇಳಬೇಡಿ.

ಮನೆಯಲ್ಲಿ ಹಳೆಯ ಸಿಬ್ಬಂದಿ ಪಟ್ಟಿ, ನಾವಿಕರ ಪುಸ್ತಕ (ಕಡಲಸೇವೆಯ ದಾಖಲೆ), ಕಂಪನಿಯಿಂದ ಬಂದ ತಂತಿ ಸಂದೇಶ ಇದ್ದರೆ ಅದೂ ದೇಣಿಗೆಯೇ. ಮೂಲಪ್ರತಿ ನಿಮ್ಮಲ್ಲೇ ಇರಲಿ, ನಕಲು ಸಾಕು.