ಪುಟ್ಟಿಗೆ, ಬಾರ್ ಪರೀಕ್ಷೆಯ ಪುಸ್ತಕಗಳ ಬಗ್ಗೆ

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸನ್ನದು ಸಿಕ್ಕಿತು, ಕರಿ ಕೋಟು ಹೊಲಿಸಿದ್ದೂ ಆಯಿತು ಎಂದು ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಸಂತೋಷ. ಇನ್ನು ಉಳಿದಿರುವುದು ವಕೀಲಿಕೆ ಮುಂದುವರಿಸಲು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ. ಪುಸ್ತಕ ನೋಡಿಕೊಂಡು ಬರೆಯುವುದು ಅಲ್ವಾ, ಜಾಸ್ತಿ ಓದಬೇಕಿಲ್ಲ ಎಂದು ನೀನು ಹೇಳುತ್ತಿದ್ದೀಯಂತೆ. ಅದನ್ನು ಕೇಳಿ ಈ ಪತ್ರ ಬರೆಯುತ್ತಿದ್ದೇನೆ.

2011ರಲ್ಲಿ ಮೊದಲ ಪರೀಕ್ಷೆ ನಡೆದಾಗ ಗೈಡು, ನೋಟ್ಸು ಎಲ್ಲ ಹೊತ್ತುಕೊಂಡು ಹೋಗಬಹುದಿತ್ತು. 2021ರ 16ನೇ ಪರೀಕ್ಷೆಯಿಂದ ಅದು ನಿಂತಿತು. ಈಗ ಬಿಡುವುದು ಬೇರ್ ಆಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯದ ಪುಸ್ತಕ ಮಾತ್ರ. ಅದೂ ಟಿಪ್ಪಣಿ ಇಲ್ಲದ್ದು. ಇಲ್ಲೇ ಬಹಳ ಮಕ್ಕಳು ಎಡವುತ್ತಾರೆ. ಅಂಗಡಿಯಲ್ಲಿ ಬೇರ್ ಆಕ್ಟ್ ಎಂದು ಕೊಡುವ ಎಷ್ಟೋ ಪುಸ್ತಕಗಳಲ್ಲಿ ಸೆಕ್ಷನ್ ಕೆಳಗೆ ತೀರ್ಪುಗಳ ಸಾರಾಂಶ ಅಚ್ಚಾಗಿರುತ್ತದೆ. ಮುಖಪುಟದಲ್ಲೇ ಸಣ್ಣಕ್ಷರದಲ್ಲಿ ‘ವಿತ್ ಶಾರ್ಟ್ ನೋಟ್ಸ್’ ಎಂದಿರುತ್ತದೆ. ಅದು ನಡೆಯುವುದಿಲ್ಲ. ಕಾಲೇಜಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ಬರೆದುಕೊಂಡ ಹಳೆಯ ಪ್ರತಿಗಳನ್ನೂ ಒಯ್ಯಬೇಡ. ಬಣ್ಣದ ಚೀಟಿ ಅಂಟಿಸುವ ಆಸೆಯನ್ನೂ ಬಿಡು. ಬಾಗಿಲಲ್ಲಿ ವಾದ ಮಾಡುತ್ತಾ ನಿಂತರೆ ಹೋಗುವುದು ನಿನ್ನ ಸಮಯವೇ. ಆ ವರ್ಷದ ಅಧಿಸೂಚನೆ ಮತ್ತು ಹಾಲ್ ಟಿಕೆಟ್‌ನಲ್ಲಿರುವ ಸೂಚನೆಗಳನ್ನು ಕೊನೆಯ ಸಾಲಿನವರೆಗೂ ಓದು. ಗೆಳತಿಯರ ಮಾತಿಗಿಂತ ಅದೇ ದೊಡ್ಡದು. ಮೊಬೈಲು, ಸ್ಮಾರ್ಟ್ ವಾಚು ಮನೆಯಲ್ಲೇ ಇರಲಿ.

ನೂರು ಪ್ರಶ್ನೆ. ಒಂದೊಂದಕ್ಕೆ ಹೆಚ್ಚುಕಮ್ಮಿ ಎರಡು ನಿಮಿಷ. ಎಲ್ಲಿ ಏನಿದೆ ಎಂದು ಗೊತ್ತಿಲ್ಲದವರಿಗೆ ಆ ಎರಡು ನಿಮಿಷದಲ್ಲಿ ಪುಸ್ತಕ ಏನನ್ನೂ ಕೊಡುವುದಿಲ್ಲ. ತಾತ್ಕಾಲಿಕ ತಡೆಯಾಜ್ಞೆ ಬಗ್ಗೆ ಪ್ರಶ್ನೆ ಬಂತು ಎಂದುಕೋ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 158 ಸೆಕ್ಷನ್‌ಗಳಲ್ಲೇ ಹುಡುಕುತ್ತಾ ಕೂತರೆ ಕೆಲಸ ಕೆಟ್ಟಿತು. ಅದರ ವಿವರ ಇರುವುದು ಹಿಂದೆ, ಮೊದಲ ಷೆಡ್ಯೂಲ್‌ನ ಆರ್ಡರ್ 39ರಲ್ಲಿ. ಸಂವಿಧಾನದಲ್ಲಿ ರಿಟ್, ಅಂದರೆ ಹಕ್ಕು ಕಾಪಾಡಲು ಸುಪ್ರೀಂ ಕೋರ್ಟು, ಹೈಕೋರ್ಟು ಹೊರಡಿಸುವ ಆದೇಶ, ಕೂಡ ಹಾಗೆಯೇ. 32ನೇ ವಿಧಿ ಮೂಲಭೂತ ಹಕ್ಕುಗಳ ಜೊತೆ ಸಿಗುತ್ತದೆ. 226 ಇರುವುದು ಬಹಳ ಮುಂದೆ, ರಾಜ್ಯಗಳ ಭಾಗದಲ್ಲಿ, ಹೈಕೋರ್ಟುಗಳ ಅಧ್ಯಾಯದಲ್ಲಿ. ಅದಕ್ಕೇ ಈಗಿನಿಂದ ದಿನಾ ಒಂದೊಂದು ಕಾಯ್ದೆಯ ಪರಿವಿಡಿ ಓದು. ಸೆಕ್ಷನ್ ಬಾಯಿಪಾಠ ಮಾಡಬೇಡ. ಯಾವ ಅಧ್ಯಾಯದ ಪಕ್ಕ ಯಾವುದಿದೆ ಎಂದು ಕೈಗೆ ರೂಢಿಯಾಗಬೇಕು.

ಕ್ರಿಮಿನಲ್ ಕಾನೂನಿನಲ್ಲಿ ಇನ್ನೂ ಎಚ್ಚರ ಬೇಕು. 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದವು. ಕೊಲೆಗೆ ಶಿಕ್ಷೆ ಹಳೆಯ ದಂಡ ಸಂಹಿತೆಯ (ಐಪಿಸಿ) 302ರಿಂದ ಹೊಸ ನ್ಯಾಯ ಸಂಹಿತೆಯ 103ಕ್ಕೆ ಬಂತು, ವಂಚನೆ 420ರಿಂದ 318ಕ್ಕೆ. ಎಲ್ಲಕ್ಕಿಂತ ಗೊಂದಲ ಮಾಡುವುದು 482. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು ಹೈಕೋರ್ಟಿನ ಅಂತರ್ಗತ ಅಧಿಕಾರ, ಅಂದರೆ ನ್ಯಾಯ ಕಾಪಾಡಲು ಅದಕ್ಕೆ ಸಹಜವಾಗಿಯೇ ಇರುವ ಅಧಿಕಾರ. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ನಂಬರು ನಿರೀಕ್ಷಣಾ ಜಾಮೀನಿಗೆ. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಯಾವ ಕಾಯ್ದೆಯ 482 ಎಂದು ನೋಡದೆ ಉತ್ತರ ತುಂಬಬೇಡ.

ಪುಸ್ತಕದಲ್ಲಿ ಸಿಗಲಾರದ ಪ್ರಶ್ನೆಗಳೂ ಬರುತ್ತವೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ 1973ರ ಕೇಸನ್ನೇ ತಗೋ. ಸಂವಿಧಾನದ ಮೂಲ ಸ್ವರೂಪವನ್ನು ತಿದ್ದುವಂತಿಲ್ಲ ಎಂಬ ಮಾತು ಅಲ್ಲಿ ಬಂತು. ತಿದ್ದುಪಡಿ ಕುರಿತ 368ನೇ ವಿಧಿಯನ್ನು ಎಷ್ಟು ಸಲ ಓದಿದರೂ ಆ ಮಾತು ಕಾಣುವುದಿಲ್ಲ. ಸರ್ಕಾರದ ಬಹುಮತ ಸದನದಲ್ಲೇ ಸಾಬೀತಾಗಬೇಕು ಎಂಬ 1994ರ ಬೊಮ್ಮಾಯಿ ಕೇಸಿನ ತತ್ವವೂ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯ ಸಾಲುಗಳಲ್ಲಿಲ್ಲ. ಸಾರ್ವಜನಿಕ ಹಿತಾಸಕ್ತಿ ಅರ್ಜಿಗೆ ಪಠ್ಯಕ್ರಮದಲ್ಲಿ ನಾಲ್ಕು ಅಂಕ ಇದೆ. ಅದಕ್ಕೆಂದೇ ಒಂದು ಕಾಯ್ದೆ ಎಲ್ಲಿದೆ ಹೇಳು? ಇವನ್ನೆಲ್ಲ ಮನೆಯಲ್ಲಿ ಓದಿ ತಲೆಯಲ್ಲೇ ಒಯ್ಯಬೇಕು.

ಹಾಲ್‌ನಲ್ಲಿ ಗೊತ್ತಿರುವುದನ್ನು ಮೊದಲು ಮುಗಿಸು. ಆಗ ಪುಸ್ತಕ ಮುಟ್ಟಲೇಬೇಡ. ಎರಡನೇ ಸುತ್ತಿನಲ್ಲಿ, ಅನುಮಾನ ಇದ್ದ ಪ್ರಶ್ನೆಗಳಿಗಷ್ಟೇ ತೆಗೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡ.

ಈ ಪರೀಕ್ಷೆ ಯಾಕೆ ಬೇಕು ಎಂದು ನಿನ್ನ ಓರಗೆಯವರು ಗೊಣಗುತ್ತಾರೆ, ನನಗೂ ಗೊತ್ತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಎತ್ತಿಹಿಡಿಯಿತು. ಅದೂ ಸರಿಯೇ ಎಂದು ನನ್ನ ಅಭಿಪ್ರಾಯ. ಕಕ್ಷಿದಾರ ಎದುರು ಕೂತಾಗ ಸರಿಯಾದ ಪುಟ ತೆರೆಯಲು ನಿನಗೆ ಬರಬೇಕಲ್ಲ.

ಪುಸ್ತಕ ಕೊಳ್ಳುವ ಮೊದಲು ಪಟ್ಟಿ ಮಾಡಿ ನನಗೆ ಕಳಿಸು. ಕೊಂಡ ಮೇಲೆ ಒಂದು ಭಾನುವಾರ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಇಲ್ಲಿಗೆ ಬಾ. ಟಿಪ್ಪಣಿ ಇದೆಯಾ, ತಿದ್ದುಪಡಿ ಸೇರಿದೆಯಾ ಎಂದು ಇಬ್ಬರೂ ಕೂತು ನೋಡೋಣ. ನಿನ್ನ ದೊಡ್ಡಮ್ಮನೂ ದಾರಿ ನೋಡುತ್ತಿದ್ದಾಳೆ.

ಇಂತಿ,
ನಿನ್ನ ದೊಡ್ಡಪ್ಪ