ಹೀಟರ್ ಕೆಟ್ಟರೆ ಟ್ಯಾಂಕ್ ತಣ್ಣಗಾಗುತ್ತದೆ ಅಂದುಕೊಂಡಿದ್ದೆ

ಮಾನ್ಯ ಸಂಪಾದಕರೇ,

ಮನೆಯೊಳಗಿನ ಅಕ್ವೇರಿಯಂಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಫೋಟೋಗಳು ತುಂಬಾ ಚೆನ್ನಾಗಿದ್ದವು. ಉಪ್ಪುನೀರಿನ ಟ್ಯಾಂಕ್, ಅದರಲ್ಲಿ ಹವಳ, ಕಿತ್ತಳೆ ಬಣ್ಣದ ಕ್ಲೌನ್ ಮೀನು ನೋಡಿ ಎಷ್ಟೋ ಮನೆಗಳಲ್ಲಿ ಮಕ್ಕಳು ನಮಗೂ ಬೇಕು ಅಂತ ಹಟ ಹಿಡಿದಿರಬಹುದು. ಆದರೆ ಹೀಟರ್ ಬಗ್ಗೆ ಅಲ್ಲಿ ಇದ್ದದ್ದು ಒಂದೇ ಸಾಲು. ಚಳಿಗಾಲದಲ್ಲಿ ಒಂದು ಹೀಟರ್ ಹಾಕಿದರೆ ಸಾಕು ಅಂತ. ಸಾಕಾಗುವುದಿಲ್ಲ ಸರ್. ಅದನ್ನು ಹೇಳಲಿಕ್ಕೇ ಈ ಪತ್ರ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ನನ್ನದು 180 ಲೀಟರಿನ ಟ್ಯಾಂಕ್, ಐದು ವರ್ಷದ್ದು. ಮೆದು ಹವಳಗಳನ್ನು ಮಾತ್ರ ಸಾಕುತ್ತೇನೆ, ಮಶ್ರೂಮ್ ಮತ್ತು ಜೋವಾಂಥಿಡ್. ಕಲ್ಲಿನಂತೆ ಗಟ್ಟಿಯಾಗಿ ಬೆಳೆಯುವ, ದಿಬ್ಬ ಕಟ್ಟುವ ಹವಳಗಳೆಲ್ಲ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿಯಲ್ಲೇ. ಅವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಹೊಸದಾಗಿ ಶುರು ಮಾಡುವವರಿಗೆ ಇದೂ ಗೊತ್ತಿರಲಿ.

ಕಳೆದ ಜನವರಿಯಲ್ಲಿ ಸಾಗರದಲ್ಲಿ ನೆಂಟರ ಮದುವೆ ಇತ್ತು. ಬೆಳಿಗ್ಗೆ ಮನೆಯವರೆಲ್ಲ ಹೊರಟೆವು, ಬಂದದ್ದು ಮರುದಿನ ಸಂಜೆ. ಹೊರಡುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ, ಬೆಂಗಳೂರಿನ ಚಳಿ, ಕರೆಂಟ್ ಹೋಗಿ ನೀರು ತಣ್ಣಗಾದರೆ ಏನು ಗತಿ ಅಂತ. ವಾಪಸ್ ಬಂದಾಗ ಮಗಳು ಎಂದಿನಂತೆ ಓಡಿಹೋಗಿ ಗಾಜಿಗೆ ಕೈ ಇಟ್ಟಳು. "ಅಪ್ಪ, ಗಾಜು ಬೆಚ್ಚಗಿದೆ" ಅಂದಳು. ಥರ್ಮಾಮೀಟರ್ ನೋಡಿದೆ. 33 ಡಿಗ್ರಿ. ಇರಬೇಕಾದದ್ದು 25ರಿಂದ 26. ಹೀಟರಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಅದರ ತಿರುಗುಣಿ ಮಾತ್ರ ನಾನಿಟ್ಟ 25ರಲ್ಲೇ ಇತ್ತು.

ಸೀಗಡಿ ಸತ್ತಿತ್ತು. ಬಸವನಹುಳುಗಳು ಕಳಚಿ ತಳಕ್ಕೆ ಬಿದ್ದಿದ್ದವು. ಜೋಡಿ ಕ್ಲೌನ್ ಮೀನುಗಳಲ್ಲಿ ಒಂದು ಮೇಲೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು, ದೊಡ್ಡದು ಮೂಲೆಯಲ್ಲಿ ಮಲಗಿತ್ತು. ಅದು ಆ ರಾತ್ರಿಯೇ ಹೋಯಿತು. ಮಗಳು ಅತ್ತಳು. ಅವಳಿಗೆ ಏನು ಹೇಳುವುದು ಗೊತ್ತಾಗಲಿಲ್ಲ.

ಹೀಟರ್ ಕೆಟ್ಟಿತು ಅಂದರೆ ಬಿಸಿ ಮಾಡುವುದನ್ನು ನಿಲ್ಲಿಸಿತು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಬಿಸಿ ಮಾಡುವುದನ್ನು ನಿಲ್ಲಿಸದೇ ಇರುವುದೂ ಕೆಡುವುದೇ, ಮತ್ತು ಅದೇ ಜಾಸ್ತಿ ಅಪಾಯ. ಸಾಮಾನ್ಯ ಹೀಟರುಗಳ ಒಳಗೆ ಎರಡು ಲೋಹ ಸೇರಿಸಿ ಮಾಡಿದ ತೆಳು ಪಟ್ಟಿ ಇರುತ್ತದೆ. ನೀರು ತಣ್ಣಗಾದಾಗ ಅದು ಬಾಗಿ ಕರೆಂಟ್ ಕೂಡಿಸುತ್ತದೆ, ಬೆಚ್ಚಗಾದಾಗ ಬಿಡಿಸುತ್ತದೆ. ಪ್ರತಿ ಸಲವೂ ಅಲ್ಲೊಂದು ಸಣ್ಣ ಕಿಡಿ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಹೀಗೆ ನಡೆದು ಒಂದು ದಿನ ಆ ಎರಡು ತುದಿಗಳು ಅಂಟಿಕೊಂಡುಬಿಡುತ್ತವೆ. ಆಮೇಲೆ ತಿರುಗುಣಿ ಎಲ್ಲಿದ್ದರೂ ಒಂದೇ.

ಲೆಕ್ಕ ಹಾಕಿ ನೋಡಿದೆ. 180 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 200 ವ್ಯಾಟ್ ಹೀಟರಿಗೆ ಹೆಚ್ಚುಕಡಿಮೆ ಒಂದು ಗಂಟೆ ಸಾಕು. ಟ್ಯಾಂಕಿನಿಂದ ಗಾಳಿಗೆ ಬಿಸಿ ಹೋಗುತ್ತಿರುವುದರಿಂದ ಮನೆಯಲ್ಲಿ ಅದು ಇನ್ನೂ ನಿಧಾನ. ಅಂದರೆ ಯಾರಾದರೂ ದಿನಕ್ಕೆ ಎರಡು ಸಲ ಥರ್ಮಾಮೀಟರ್ ನೋಡಿದ್ದರೂ ಇದು ಸಿಕ್ಕಿಬೀಳುತ್ತಿತ್ತು. ಸಮುದ್ರದಲ್ಲಿ ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ 1 ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಚಿಕೊಳ್ಳುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಅದೇ. ನನ್ನ ಟ್ಯಾಂಕಿನಲ್ಲಿ ಒಂದೂವರೆ ದಿನದಲ್ಲಿ 8 ಡಿಗ್ರಿ ಏರಿತ್ತು.

ಅವತ್ತು ನಾನು ಮಾಡಿದ ಮೊದಲ ತಪ್ಪು, ಗಾಬರಿಯಲ್ಲಿ ಸೀದಾ ನೀರಿಗೆ ಕೈ ಹಾಕಿದ್ದು. ಹಾಗೆ ಯಾವತ್ತೂ ಮಾಡಬೇಡಿ. ಮೊದಲು ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ಕೈ ಹಾಕಿ. ಉಪ್ಪುನೀರಿನಲ್ಲಿ ಕರೆಂಟ್ ಸಿಹಿನೀರಿಗಿಂತ ಎಷ್ಟೋ ಸಲೀಸಾಗಿ ಹರಿಯುತ್ತದೆ, ಗಾಜು ಬಿರುಕು ಬಿಟ್ಟ ಹೀಟರ್ ಜೀವಕ್ಕೇ ಅಪಾಯ. ಟ್ಯಾಂಕಿನ ಲೈನಿಗೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಇಲ್ಲದಿದ್ದರೆ ಮೀನು ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ.

ಎರಡನೆಯ ತಪ್ಪು ಮಾಡುವುದರೊಳಗೆ ಹಳೆಯ ಸ್ನೇಹಿತರೊಬ್ಬರಿಗೆ ಫೋನ್ ಮಾಡಿದೆ, ಬಚಾವಾದೆ. ಫ್ರಿಜ್ಜಿನಿಂದ ಐಸ್ ತಂದು ಸುರಿಯಲು ಹೊರಟಿದ್ದೆ. ಐಸ್ ಕರಗಿದರೆ ಸಿಹಿನೀರು. ಉಪ್ಪಿನ ಅಂಶ ಒಮ್ಮೆಲೇ ಇಳಿದು, ಜೊತೆಗೆ ನಲ್ಲಿ ನೀರಿನ ಕ್ಲೋರಿನ್ ಸೇರಿ, ಉಳಿದವೂ ಸಾಯುತ್ತಿದ್ದವು. ಅವರು ಹೇಳಿದ್ದು ಇಷ್ಟು: ಲೈಟ್ ಆರಿಸಿ, ಮುಚ್ಚಳ ತೆಗೆಯಿರಿ, ನೀರಿನ ಮೇಲ್ಮೈಗೆ ಟೇಬಲ್ ಫ್ಯಾನ್ ತಿರುಗಿಸಿ, ಪಂಪಿನ ಬಾಯಿಯನ್ನು ಮೇಲಕ್ಕೆ ತಿರುಗಿಸಿ ನೀರು ಕಲಕುವಂತೆ ಮಾಡಿ, ಏರ್ ಪಂಪ್ ಇದ್ದರೆ ಅದನ್ನೂ ಹಾಕಿ. ಈ ಕಲಕುವುದು ಬಹಳ ಮುಖ್ಯ, ಯಾಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಉಪ್ಪುನೀರಿನಲ್ಲಂತೂ ಮೊದಲೇ ಕಡಿಮೆ. ಮೀನು ಮೇಲೆ ಬಂದು ಬಾಯಿ ತೆರೆಯುವುದು ಅದಕ್ಕೇ. ಫ್ಯಾನ್ ಸಾಲದಿದ್ದರೆ ಬಾಟಲಿಯಲ್ಲಿ ನೀರು ಗಟ್ಟಿಮಾಡಿ, ಮುಚ್ಚಳ ಬಿಗಿದು, ಹಾಗೇ ತೇಲಿಬಿಡಬಹುದು. ಗಂಟೆಗೆ 1 ಡಿಗ್ರಿಗಿಂತ ಜಾಸ್ತಿ ಇಳಿಸಬಾರದು. ಆ ರಾತ್ರಿ ನಾನು, ನನ್ನ ಹೆಂಡತಿ ಸರದಿಯಲ್ಲಿ ಕೂತೆವು. ಬೆಳಗಿನ ಜಾವ ನೀರು 26ಕ್ಕೆ ಬಂತು.

ಇಷ್ಟಕ್ಕೆ ಮುಗಿಯಲಿಲ್ಲ. ಫ್ಯಾನ್ ಗಾಳಿಗೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ, ಹಾಗಾಗಿ ಇಳಿದಷ್ಟು ಆರ್‌ಒ ನೀರು ತುಂಬುತ್ತಿರಬೇಕು. ಸತ್ತ ಜೀವಿಗಳನ್ನು ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಅಮೋನಿಯ ಏರಿ ಎರಡನೇ ಸುತ್ತಿನ ಸಾವು ಶುರುವಾಗುತ್ತದೆ. ಅದೇ ಉಪ್ಪು, ಅದೇ ಬಿಸಿ ಇರುವ ಹೊಸ ನೀರನ್ನು ಕಾಲು ಭಾಗದಷ್ಟು ಬದಲಿಸಿದೆ, ನೀರಿನ ವಿಷ ಹೀರಿಕೊಳ್ಳುವ ಕಾರ್ಬನ್ ಹಾಕಿದೆ. ಜೋವಾಂಥಿಡ್ ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಕೆಲವು ಜಾತಿಗಳಲ್ಲಿ ಬಹಳ ಕೆಟ್ಟ ವಿಷ ಇದೆ. ಆ ಕಲ್ಲನ್ನು ಬಿಸಿನೀರಲ್ಲಿ ಕುದಿಸಿ ತೊಳೆಯುವುದಂತೂ ಬೇಡವೇ ಬೇಡ, ಅದರ ಹಬೆ ಉಸಿರಿಗೆ ಹೋದರೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾದೀತು.

ಹೀಟರ್ ಸುಮ್ನೆ ಸತ್ತು ನೀರು ತಣ್ಣಗಾದರೆ ಅಷ್ಟು ಭಯವಿಲ್ಲ, ಸಮಯ ಸಿಗುತ್ತದೆ. ಟ್ಯಾಂಕಿಗೆ ಕಂಬಳಿ ಸುತ್ತಿ, ಬಿಸಿನೀರು ತುಂಬಿದ ಬಾಟಲಿ ತೇಲಿಬಿಟ್ಟು, ನಿಧಾನವಾಗಿ ಏರಿಸಿದರಾಯಿತು. ಪಂಪ್ ಮಾತ್ರ ನಿಲ್ಲಬಾರದು.

ಈಗ ನನ್ನ ಟ್ಯಾಂಕಿನಲ್ಲಿ 200 ವ್ಯಾಟಿನ ಒಂದರ ಬದಲು 100 ವ್ಯಾಟಿನ ಎರಡು ಹೀಟರ್ ಇವೆ. ಒಂದು ಅಂಟಿಕೊಂಡರೂ ಅದೊಂದರಿಂದ ಅಷ್ಟು ಬಿಸಿ ಏರುವುದಿಲ್ಲ, ಒಂದು ಸತ್ತರೆ ಇನ್ನೊಂದು ಇದೆ. ಎರಡಕ್ಕೂ ಹೊರಗಿನಿಂದ ಒಂದು ಕಂಟ್ರೋಲರ್, ಅಂದರೆ ಸೆನ್ಸರಿನಿಂದ ನೀರಿನ ಬಿಸಿ ಅಳೆದು ಹೀಟರಿನ ಕರೆಂಟ್ ಕೂಡಿಸುವ, ಬಿಡಿಸುವ ಸಾಧನ. ಕಂಟ್ರೋಲರನ್ನು 25.5ಕ್ಕೆ ಇಟ್ಟು ಹೀಟರುಗಳ ತಿರುಗುಣಿಯನ್ನು ಅದಕ್ಕಿಂತ 1 ಡಿಗ್ರಿ ಮೇಲಕ್ಕೆ ಇಡಬೇಕು, ಆಗ ಒಂದು ತಪ್ಪಿದರೆ ಇನ್ನೊಂದು ತಡೆಯುತ್ತದೆ. ಕಂಟ್ರೋಲರಿನ ಸೆನ್ಸರ್ ಜಾರಿ ನೀರಿನಿಂದ ಹೊರಬಂದರೆ ಅದು ಜನವರಿಯ ತಣ್ಣನೆ ಗಾಳಿಯನ್ನೇ ನೀರು ಅಂದುಕೊಂಡು ಹೀಟರ್ ಹಚ್ಚಿಯೇ ಇಡುತ್ತದೆ, ಅದನ್ನು ಗಟ್ಟಿಯಾಗಿ ಕಟ್ಟಿ. ನೀರು ಬದಲಿಸುವಾಗ ಹೀಟರ್ ಆರಿಸಿ ಕಾಲು ಗಂಟೆ ಬಿಟ್ಟು ನೀರು ಇಳಿಸಿ. ಎರಡು ವರ್ಷ ಆದ ಹೀಟರ್ ಚೆನ್ನಾಗಿ ಕಂಡರೂ ಬದಲಿಸಿ. ನನ್ನದು ನಾಲ್ಕು ವರ್ಷದ್ದಾಗಿತ್ತು.

ಅಂಗಡಿಯವರಲ್ಲೂ ಒಂದು ಮಾತು. ಹತ್ತಾರು ಸಾವಿರದ ಟ್ಯಾಂಕ್ ಮಾರುವಾಗ ನೀವು ಲೈಟ್ ಬಗ್ಗೆ ಅರ್ಧ ಗಂಟೆ ಹೇಳುತ್ತೀರಿ, ಹೀಟರನ್ನು ಕೊನೆಗೆ ಚೀಲಕ್ಕೆ ಹಾಕಿ ಕೊಡುತ್ತೀರಿ. ನನಗೂ ಹಾಗೇ ಕೊಟ್ಟರು. ಟ್ಯಾಂಕಿನ ಬೆಲೆಗೆ ಹೋಲಿಸಿದರೆ ಕಂಟ್ರೋಲರ್ ದೊಡ್ಡ ಖರ್ಚಲ್ಲ. ಅದನ್ನು ಸೇರಿಸಿಯೇ ಬಿಲ್ ಮಾಡಿ. ಯಾವ ಗಿರಾಕಿಯೂ ಬೇಡ ಅನ್ನುವುದಿಲ್ಲ, ಯಾಕೆ ಬೇಕು ಅಂತ ಹೇಳಿದರೆ.

ಮಶ್ರೂಮ್‌ಗಳು ಬೆಳ್ಳಗಾಗಿದ್ದವು, ಯುಗಾದಿಯ ಹೊತ್ತಿಗೆ ನಿಧಾನವಾಗಿ ಬಣ್ಣ ಬಂತು. ಸತ್ತದ್ದು ಜೋಡಿಯಲ್ಲಿ ಹೆಣ್ಣು ಮೀನು. ಕ್ಲೌನ್ ಮೀನುಗಳಲ್ಲಿ ಹೆಣ್ಣು ಹೋದರೆ ಉಳಿದ ಗಂಡೇ ಕೆಲವು ತಿಂಗಳಲ್ಲಿ ಹೆಣ್ಣಾಗಬಲ್ಲದು. ನಮ್ಮದು ಈಗ ಮೊದಲಿಗಿಂತ ದೊಡ್ಡದಾಗಿ ಬೆಳೆದಿದೆ. ಅದಕ್ಕೊಂದು ಜೊತೆ ತರೋಣ ಅಂತ ಮಗಳು ದಿನಾ ಕೇಳುತ್ತಾಳೆ. ಈ ಸಲದ ಚಳಿಗಾಲ ಒಂದು ದಾಟಲಿ, ಈ ಎರಡು ಹೀಟರ್ ಸರಿಯಾಗಿ ನಡೆಯುವುದನ್ನು ನೋಡಿ ತರೋಣ ಅಂತ ಹೇಳಿದ್ದೇನೆ.

ಇತಿ,
ನಿಮ್ಮ ಓದುಗ
ಜಯನಗರ, ಬೆಂಗಳೂರು