ಅಣ್ಣನಿಗೆ ಮೊದಲು ನಿದ್ದೆ ಬೇಕು, ಅವ್ವ

ಸ್ಟಟ್‌ಗಾರ್ಟ್, ಜರ್ಮನಿ
ಭಾನುವಾರ ಮಧ್ಯಾಹ್ನ

ಪ್ರೀತಿಯ ಅವ್ವ, ಅಪ್ಪ,

ಕರ್ತನ ನಾಮದಲ್ಲಿ ವಂದನೆಗಳು. ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಇದೆ, ಊಟಕ್ಕೆ ತೊಂದರೆ ಇಲ್ಲ.

ಸ್ಯಾಮುನ ಕೈಲಿ ಬರೆಸಿದ ಪತ್ರ ಗುರುವಾರ ಬಂತು. ಫೋನಿನಲ್ಲಿ ಹೇಳೋಕಾಗಲ್ಲ, ಅಣ್ಣ ಪಕ್ಕದಲ್ಲೇ ಇರುತ್ತಾನೆ ಅಂತ ಬರೆದಿದ್ದೀಯ. ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಅಣ್ಣ ಹೊರಗೆ ಹೋದಾಗ ಅಪ್ಪನಿಗೆ ಓದಿ ಹೇಳು.

ಆ ಒಂದು ಸಾಲು ಎಷ್ಟು ಸಲ ಓದಿದೆನೋ. ಪಾದ್ರಿಯಾಗಿರುವ ಅಣ್ಣ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆ ಹೇಳುತ್ತಾ ‘ನಮ್ಮ ಅನುದಿನದ ಆಹಾರವನ್ನು’ ಅಂದವನು ಅಲ್ಲೇ ನಿಂತುಬಿಟ್ಟ ಅಂತ. ಮುಂದಿನ ಮಾತೇ ಬರಲಿಲ್ಲ, ಸಭೆಯವರೇ ಮುಂದುವರಿಸಿದರು ಅಂತ. ಮೂರು ವರ್ಷದವನಿದ್ದಾಗ ನಿನ್ನ ತೊಡೆ ಮೇಲೆ ಕೂತು ಒಂದೂ ತಪ್ಪಿಲ್ಲದೆ ಹೇಳುತ್ತಿದ್ದವನು ಅವನು. ಅದೇ ವಾರ ರಾತ್ರಿ ಪ್ರಾರ್ಥನಾ ಕೂಟ ಮುಗಿಸಿ ಬರುವಾಗ ಬೈಕ್ ಹೊಲದ ಬದುವಿಗೆ ಇಳಿದಿದೆ. ತೂಕಡಿಸಿದ್ದಾನೆ ಅವ್ವ, ಬೇರೇನೂ ಅಲ್ಲ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ ಅಂತ ಬರೆದಿದ್ದೀಯ. ದೇವರಿಗೆ ಸ್ತೋತ್ರ. ಆದರೆ ಲಾರಿ ಬಂದಿದ್ದರೆ ಅಂತ ನೆನೆದು ನನ್ನ ಕೈ ನಡುಗಿತು.

ಹಿರಿಯರು ಇದು ಸೈತಾನನ ಹೋರಾಟ, ಮೂರು ದಿನ ಉಪವಾಸ ಪ್ರಾರ್ಥನೆ ಇಡೋಣ ಅಂದಿದ್ದಾರೆ. ಅಪ್ಪ ‘ಸೇವೆಯಲ್ಲಿ ರಜೆ ಎಲ್ಲಿದೆ, ಹಳೇ ಮಿಷನರಿಗಳು ರಜೆ ಕೇಳಿದ್ದರಾ’ ಅಂದಿದ್ದಾರೆ. ನೀನು, ಅಣ್ಣನ ವಿಶ್ವಾಸ ಕುಗ್ಗಿದೆಯೇನೋ, ಒಂದು ಮಾತು ಬರಿ ಅಂತ ಕೇಳಿದ್ದೀಯ.

ಬರೆಯುತ್ತೇನೆ. ಆದರೆ ನೀನು ಅಂದುಕೊಂಡ ಮಾತಲ್ಲ.

ಮೊದಲು ನಿಮಗೆ ಹೇಳದೆ ಇಟ್ಟಿದ್ದ ವಿಷಯ ಹೇಳುತ್ತೇನೆ. ಈಗ ಪೂರ್ತಿ ಸರಿಯಾಗಿದ್ದೇನೆ, ಗಾಬರಿ ಬೇಡ. ಹೋದ ವರ್ಷ ಈಸ್ಟರ್ ಆದಮೇಲೆ ನನಗೂ ಹೀಗೇ ಆಗಿತ್ತು. ರಾತ್ರಿ ಡ್ಯೂಟಿ ಮುಗಿಸಿ ಎಸ್-ಬಾನ್ ರೈಲು ಹತ್ತಿದವಳು ಫೈಹಿಂಗನ್‌ನಲ್ಲಿ ಇಳಿಯಬೇಕು. ಕಣ್ಣು ಬಿಟ್ಟರೆ ಹೆರೆನ್‌ಬರ್ಗ್, ಕೊನೇ ಸ್ಟೇಷನ್. ವಾಪಸ್ ರೈಲು ಹತ್ತಿದೆ, ಮತ್ತೆ ನಿದ್ದೆ, ಮತ್ತೆ ನನ್ನ ಸ್ಟೇಷನ್ ದಾಟಿ ಹೋಗಿತ್ತು.

ಅದು ದೊಡ್ಡದಲ್ಲ. ಇನ್ನೊಂದು ಹೇಳುವುದಕ್ಕೆ ಈಗಲೂ ಸಂಕಟ ಆಗುತ್ತದೆ. ನನ್ನ ವಾರ್ಡಿನಲ್ಲಿ ಒಬ್ಬ ಅಜ್ಜಿ ಇದ್ದರು, ದೊಡ್ಡವ್ವನ ಹಾಗೇ ಸಣ್ಣ ಮೈ. ನೀರು ಕೊಟ್ಟು ಹೊರಟಾಗ ನನ್ನ ಕೈ ಹಿಡಿದುಕೊಂಡರು. ಮಾತಿಲ್ಲ, ಸುಮ್ನೆ ಹಿಡಿದುಕೊಂಡರು ಅಷ್ಟೆ. ನಾನು ಕೈ ಕಿತ್ತುಕೊಂಡೆ. ಅವರ ಬೆರಳು ಹಾಗೇ ಗಾಳಿಯಲ್ಲಿ ನಿಂತಿದ್ದನ್ನು ನೋಡಿದೆ. ನೋಡಿದರೂ ನನಗೆ ಏನೂ ಅನ್ನಿಸಲಿಲ್ಲ. ಆ ಏನೂ ಅನ್ನಿಸದೆ ಇದ್ದದ್ದೇ ನನ್ನನ್ನು ಹೆದರಿಸಿತು ಅವ್ವ. ರೋಗಿಯ ಕೈ ಹಿಡಿಯಬೇಕು ಅಂತಲೇ ತಾನೇ ನಾನು ಈ ಕೆಲಸಕ್ಕೆ ಬಂದಿದ್ದು?

ಆಸ್ಪತ್ರೆ ಕೆಲಸವೊಂದೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಇಲ್ಲಿ ಅದಕ್ಕೆ ಕಾನೂನಿದೆ. ಆರು ಗಂಟೆಗಿಂತ ಜಾಸ್ತಿ ದುಡಿದರೆ 30 ನಿಮಿಷ ಬಿಡುವು ಕೊಡಲೇಬೇಕು. ಡ್ಯೂಟಿ ಮುಗಿದ ಮೇಲಿನ ಹೊತ್ತನ್ನು ನಾನೇ ತುಂಬಿಸಿಕೊಂಡಿದ್ದೆ. ಇಂಡಿಯಾದಿಂದ ಹೊಸದಾಗಿ ಬಂದ ನರ್ಸ್ ಹುಡುಗಿಯರನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಆಫೀಸುಗಳಿಗೆ ಅವರ ಜೊತೆ ಅಲೆಯುವುದು, ಭಾನುವಾರ ಪ್ರಾರ್ಥನೆಗೆ ಬಂದ ನಲವತ್ತು ಜನಕ್ಕೆ ಅಡುಗೆ, ಹಾಡಿನ ಅಭ್ಯಾಸ, ರಾತ್ರಿ ಯಾರಾದರೂ ಅತ್ತು ಫೋನ್ ಮಾಡಿದರೆ ಎರಡು ಗಂಟೆ ಮಾತು. ಎಲ್ಲಾ ಒಳ್ಳೇ ಕೆಲಸಗಳೇ, ಅಲ್ವಾ? ಯಾವುದಕ್ಕೆ ಇಲ್ಲ ಅನ್ನಲಿ? ಇಲ್ಲ ಅಂದರೆ ಯೇಸುಸ್ವಾಮಿಗೇ ಇಲ್ಲ ಅಂದ ಹಾಗೆ ಆಗುತ್ತಿತ್ತು ನನಗೆ. ಅಣ್ಣನಿಗೂ ಹೀಗೇ ಅನ್ನಿಸುತ್ತಿರಬೇಕು.

ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಎರಡು ವಾರ ರಜೆಯ ಚೀಟಿ ಬರೆದರು. ಸಂಬಳ ಹಿಡಿಯಲಿಲ್ಲ. ಇಲ್ಲಿ ಕಾಯಿಲೆ ಬಿದ್ದರೆ ಆರು ವಾರದವರೆಗೆ ಪೂರ್ತಿ ಸಂಬಳ ಕೊಡಬೇಕು. ನನ್ನ ಈ ಸ್ಥಿತಿಗೆ ಡಾಕ್ಟರ್ ಹೇಳಿದ ಹೆಸರು ಬರ್ನ್‌ಔಟ್, ಅಂದರೆ ಉರಿದು ಬರಿದಾಗುವುದು. ಆಮೇಲೆ ನಾನು ಓದಿ ತಿಳಿದುಕೊಂಡೆ. ಈ ಮಾತನ್ನು 1974ರಲ್ಲಿ ಬಳಕೆಗೆ ತಂದವರು ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಅನ್ನುವ ಮನಶ್ಶಾಸ್ತ್ರಜ್ಞರು. ಹುಟ್ಟಿದ್ದು ಇಲ್ಲಿನ ಫ್ರಾಂಕ್‌ಫರ್ಟ್‌ನಲ್ಲಿ, ನಾಜಿಗಳ ಕಾಲದಲ್ಲಿ ಅಮೆರಿಕಕ್ಕೆ ಹೋದವರು. ಅವರು ಇದನ್ನು ಗುರುತಿಸಿದ್ದು ನ್ಯೂಯಾರ್ಕಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ. ಬಡವರಿಗಾಗಿ ಮನಸ್ಸಿಟ್ಟು ದುಡಿಯುತ್ತಿದ್ದವರಲ್ಲಿ, ತಮ್ಮಲ್ಲೂ! ಸೋಮಾರಿಗಳಿಗೆ ಬರುವುದಲ್ಲ ಇದು, ಅಪ್ಪನಿಗೆ ಈ ಸಾಲನ್ನು ಎರಡು ಸಲ ಓದಿ ಹೇಳು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೂರು ಗುರುತು ಹೇಳಿತು. ಶಕ್ತಿ ಬತ್ತುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಯಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನಿನ್ನ ಪತ್ರದಲ್ಲಿ ಮೂರೂ ಇವೆ. ‘ನಾನು ಯಾರಿಗೂ ಉಪಯೋಗವಿಲ್ಲ’ ಅಂತ ವೈನಿಯ ಹತ್ತಿರ ಅಂದನಂತಲ್ಲ.

ಆ ಎರಡು ವಾರದಲ್ಲಿ ಒಂದು ದಿನ ನಡೆದದ್ದನ್ನು ಹೇಳಬೇಕು. ಇಲ್ಲಿ ಡಿಯಾಕೊನೆಸ್ ಅಂತ ಇದ್ದಾರೆ. ನಮ್ಮ ಪ್ರೊಟೆಸ್ಟೆಂಟ್ ಸಭೆಯವರೇ, ಮದುವೆಯಾಗದೆ ರೋಗಿಗಳ ಸೇವೆಗೆ ಇರುವ ಸಿಸ್ಟರ್‌ಗಳು. 1836ರಲ್ಲಿ ಕೈಸರ್ಸ್‌ವೆರ್ತ್ ಊರಿನಲ್ಲಿ ಫ್ಲೀಡ್ನರ್ ಅನ್ನುವ ಪಾದ್ರಿ ಶುರುಮಾಡಿದ್ದು. ಫ್ಲಾರೆನ್ಸ್ ನೈಟಿಂಗೇಲ್ ಕೂಡ ಅಲ್ಲಿಗೆ ಹೋಗಿ ಕಲಿತಿದ್ದರು. ಈಗ ಹೊಸಬರು ಬರುವುದು ತುಂಬಾ ಕಡಿಮೆ, ವಯಸ್ಸಾದವರೇ ಜಾಸ್ತಿ. ಅವರು ಇರುವ ಮನೆಯ ಹೆಸರು ಕೇಳು: ಫೈಯರ್‌ಆಬೆಂಡ್‌ಹೌಸ್. ಇಲ್ಲಿ ದಿನದ ಕೆಲಸ ಮುಗಿದ ಮೇಲಿನ ಹೊತ್ತಿಗೆ ಫೈಯರ್‌ಆಬೆಂಡ್ ಅನ್ನುತ್ತಾರೆ. ಬಿಡಿಸಿ ಹೇಳಿದರೆ ಹಬ್ಬದ ಸಂಜೆ. ಡ್ಯೂಟಿ ಮುಗಿಸಿ ಹೊರಟಾಗ ಒಬ್ಬರಿಗೊಬ್ಬರು ಹಾರೈಸುವುದೂ ಅದನ್ನೇ. ಜೀವನವೆಲ್ಲ ರೋಗಿಗಳ ಮಲಮೂತ್ರ ತೆಗೆದವರಿಗೆ ಒಂದು ಹಬ್ಬದ ಸಂಜೆಯ ಮನೆ. ಎಷ್ಟು ಚೆಂದದ ಹೆಸರು ಅಲ್ವಾ ಅವ್ವ.

ಅಲ್ಲಿ ಎಂಬತ್ತು ದಾಟಿದ ಒಬ್ಬ ಸಿಸ್ಟರ್ ನನಗೆ ಪರಿಚಯ. ಬಿಳಿ ಟೋಪಿ, ಕಪ್ಪು ನೀಲಿ ಉಡುಪು. ಅವರಿಗೆ ಹಣ್ಣು ಕೊಡೋಣ ಅಂತ ಹೋದೆ. ಆ ರಜೆಯಲ್ಲೂ ಸುಮ್ನೆ ಕೂರಲಾಗಲಿಲ್ಲ ನನಗೆ. ಅವರು ನನ್ನ ಮುಖ ನೋಡಿದರು. ಹಣ್ಣು ತಗೊಂಡು ಮೇಜಿನ ಮೇಲಿಟ್ಟರು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಬಗ್ಗಲಾಗದ ಬೆನ್ನು ಬಗ್ಗಿಸಿ, ನನ್ನ ಶೂ ಬಿಚ್ಚಿದರು. ಬೇಡ ಅಂದರೂ ಕೇಳಲಿಲ್ಲ. ಒಂದು ಬಟ್ಟಲು ಸೂಪು, ಒಂದು ತುಂಡು ಕಪ್ಪು ರೊಟ್ಟಿ ಕೊಟ್ಟರು. ಪರದೆ ಎಳೆದರು. ಮೂರು ಗಂಟೆ ನಿದ್ದೆ ಮಾಡಿದೆ. ಎದ್ದಾಗ ಕಾಲಿನ ಮೇಲೆ ಕಂಬಳಿ ಇತ್ತು, ಅವರು ಕಿಟಕಿ ಹತ್ತಿರ ಸ್ವೆಟರ್ ಹೆಣೆಯುತ್ತಿದ್ದರು. ಮತ್ತೆ ಸೂಪು ಬಿಸಿಮಾಡಿ ಕೊಟ್ಟರು. ಒಂದು ವಚನ ಹೇಳಲಿಲ್ಲ, ಒಂದು ಬುದ್ಧಿಮಾತು ಹೇಳಲಿಲ್ಲ.

ಅವತ್ತು ಮನೆಗೆ ಬಂದು ನೀನು ಕೊಟ್ಟ ಬೈಬಲ್‌ನಲ್ಲಿ ಪ್ರವಾದಿ ಎಲೀಯನ ಕಥೆ ತೆಗೆದೆ, ಒಂದನೇ ಅರಸುಗಳು 19. ಸಂಡೇ ಸ್ಕೂಲಿನಲ್ಲಿ ನಾನೇ ಎಷ್ಟು ಸಲ ಕಲಿಸಿದ ಕಥೆ! ಕಾರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕೆಲಸ ಮಾಡಿದವನು, ಮಾರನೇ ಅಧ್ಯಾಯದಲ್ಲೇ ಗಿಡದ ಕೆಳಗೆ ಕೂತು ಸಾಕು ಕರ್ತನೇ, ನನ್ನ ಪ್ರಾಣ ತೆಗೆದುಕೋ ಅನ್ನುತ್ತಾನೆ. ದೇವರು ಬೈಯಲಿಲ್ಲ. ವಿಶ್ವಾಸ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ನಿದ್ದೆ ಮಾಡಲು ಬಿಟ್ಟ. ದೂತ ಬಂದು ತಟ್ಟಿ ಎಬ್ಬಿಸಿ ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲವೂ ಬಂದ, ಮತ್ತೆ ಊಟವೇ. ದೇವರ ಸಣ್ಣ ಸ್ವರ ಕೇಳಿಸಿದ್ದು ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ. ಮೊದಲು ರೊಟ್ಟಿ, ಆಮೇಲೆ ಮಾತು.

ಅದಕ್ಕೇ ಅವ್ವ, ನೀವು ಪ್ರಾರ್ಥನೆ ಮಾಡಿ, ಉಪವಾಸವನ್ನೂ ಮಾಡಿ. ಅಣ್ಣನಿಗೆ ಮಾತ್ರ ಉಪವಾಸ ಮಾಡಿಸಬೇಡಿ. ಅವನು ಈಗಾಗಲೇ ದಿನಕ್ಕೊಂದು ಊಟ ಬಿಡುತ್ತಿದ್ದಾನೆ.

ಅಪ್ಪನಿಗೆ ಮಿಷನರಿಗಳ ಬಗ್ಗೆ. ಇಲ್ಲಿಂದ ಒಂದು ಗಂಟೆ ರೈಲಿನಲ್ಲಿ ಟ್ಯೂಬಿಂಗೆನ್ ಇದೆ, ಕಿಟ್ಟೆಲ್ ಅವರು ಕೊನೇ ವರ್ಷಗಳನ್ನು ಕಳೆದ ಊರು. ನದಿಯ ದಂಡೆಯಲ್ಲಿ ನಿಂತು ಅಪ್ಪನನ್ನೇ ನೆನೆದೆ. 1853ರಲ್ಲಿ ನಮ್ಮ ನಾಡಿಗೆ ಬಂದವರು, ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಲವತ್ತು ವರ್ಷ. ಆ ನಡುವೆ ಅವರು ಜರ್ಮನಿಗೆ ವಾಪಸ್ ಬಂದು ಕೆಲವು ವರ್ಷ ಇದ್ದು ಮತ್ತೆ ಹೋದವರು ಅಪ್ಪ! ಬಾಸೆಲ್ ಮಿಷನ್ನಿನಲ್ಲಿ ಬಂದು ಸ್ವಲ್ಪ ದಿನಕ್ಕೇ ಮಣ್ಣಾದವರ ಸಮಾಧಿಗಳನ್ನು ನೀವೇ ನಮಗೆ ತೋರಿಸಿದ್ದೀರಿ. ಅವರು ಸತ್ತದ್ದನ್ನು ಹೊಗಳುತ್ತೇವೆ. ಅಣ್ಣ ಹಾಗೆ ಆಗುವುದು ನನಗೆ ಬೇಡ.

ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ, ಊಟಕ್ಕೂ ಬಿಡುವಿಲ್ಲದ ಶಿಷ್ಯರಿಗೆ ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂದವರು ಯೇಸುಸ್ವಾಮಿಯೇ. ಅಲ್ಲಿಗೂ ಜನ ಬಂದರಲ್ಲ, ಸ್ವಾಮಿ ಕನಿಕರಪಟ್ಟು ಬೋಧಿಸಿದರಲ್ಲ ಅಂತ ಅಪ್ಪ ಖಂಡಿತ ಕೇಳುತ್ತಾರೆ. ಹೌದು. ಆದರೆ ಆ ಸಂಜೆ ಊಟವಾದ ಮೇಲೆ ಜನರನ್ನು ಕಳಿಸಿಕೊಟ್ಟು ಒಬ್ಬರೇ ಬೆಟ್ಟಕ್ಕೆ ಹೋದರು. ಜನರನ್ನು ಕಳಿಸಿದರು ಅಪ್ಪ. ಅಣ್ಣನಿಗೆ ಯಾರನ್ನೂ ಕಳಿಸಲು ಬರುವುದಿಲ್ಲ.

ಈಗ ಮಾಡಬೇಕಾದ್ದು. ಮೂರು ಹಳ್ಳಿಯ ಆರಾಧನೆ, ಮನೆ ಭೇಟಿ, ಚರ್ಚಿನ ಛಾವಣಿಯ ಲೆಕ್ಕ, ಹಾಸ್ಟೆಲ್ ಹುಡುಗರ ಫೀಸು, ಇಷ್ಟೂ ಒಬ್ಬನೇ ಯಾಕೆ ಹೊರಬೇಕು? ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದು ಇದನ್ನೇ, ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಅಂತ. ಹತ್ತು ಜನಕ್ಕೊಬ್ಬ, ಐವತ್ತು ಜನಕ್ಕೊಬ್ಬ ಅಂತ ಹಂಚಲು ಹೇಳಿದ. ಛಾವಣಿಯ ಲೆಕ್ಕ ಹಿರಿಯರು ನೋಡಲಿ. ಕಾಯಿಲೆಯವರ ಭೇಟಿಗೆ ಸ್ತ್ರೀಯರ ಸಂಘದವರು ಹೋಗಲಿ, ಅವರು ಅಣ್ಣನಿಗಿಂತ ಚೆನ್ನಾಗಿ ಮಾಡುತ್ತಾರೆ. ಸೋಮವಾರ ಅವನು ಮನೆಯಲ್ಲೇ ಇರಲಿ. ಭಾನುವಾರ ಎಲ್ಲರಿಗೂ ಬಿಡುವು, ಪಾದ್ರಿಗೆ ಅವತ್ತೇ ದುಡಿಮೆ. ರಾತ್ರಿ ಫೋನ್ ವೈನಿಯ ಹತ್ತಿರ ಇರಲಿ. ಸಾವು ಅಥವಾ ಆಸ್ಪತ್ರೆಯ ವಿಷಯವಾದರೆ ಮಾತ್ರ ಎಬ್ಬಿಸಲಿ.

ಡಾಕ್ಟರಿಗೆ ತೋರಿಸಿ. ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಲಿ. ನಿದ್ದೆ, ಊಟ ಕೊಟ್ಟ ಮೇಲೂ ಬೇಜಾರು ಹೋಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಅವಮಾನ ಏನಿದೆ ಅದರಲ್ಲಿ? ಮನಸ್ಸಿನ ತೊಂದರೆಗೆ 14416 ಅಂತ ಸರ್ಕಾರದ ಟೆಲಿ ಮಾನಸ್ ನಂಬರ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜೀವ ಬೇಡ ಅನ್ನುವ ಮಾತು ಅವನ ಬಾಯಲ್ಲಿ ಬಂದರೆ ಒಂದು ಗಂಟೆ ಕೂಡ ಕಾಯಬೇಡಿ, ಒಬ್ಬನನ್ನೇ ಬಿಡಬೇಡಿ. ನನಗೆ ಯಾವ ಹೊತ್ತಿಗಾದರೂ ಫೋನ್ ಮಾಡಿ.

25,000 ರೂಪಾಯಿ ಕಳಿಸಿದ್ದೇನೆ, ಬುಧವಾರದೊಳಗೆ ಬರುತ್ತದೆ. ಡಾಕ್ಟರಿಗೆ, ಔಷಧಿಗೆ, ಹಾಲು ಮೊಟ್ಟೆಗೆ. ಛಾವಣಿಗೆ ಒಂದು ರೂಪಾಯಿಯೂ ಕೊಡಬೇಡ. ಛಾವಣಿಗೆ ಬೇರೆ ಕಳಿಸುತ್ತೇನೆ.

ನನ್ನ ಬಗ್ಗೆ ಏನೂ ಯೋಚನೆ ಬೇಡ. ಚೆನ್ನಾಗಿ ತಿನ್ನುತ್ತೇನೆ, ಏಳು ಗಂಟೆ ನಿದ್ದೆ ಮಾಡುತ್ತೇನೆ, ತೂಕವೂ ಬಂದಿದೆ. ಭಾನುವಾರದ ಅಡುಗೆಗೆ ಈಗ ನಾಲ್ಕು ಮನೆಯವರು ಸರದಿ ಹಾಕಿಕೊಂಡಿದ್ದೇವೆ. ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಗಾಜಿನ ಬಾಟಲಿ ಕೂಡ ಡಬ್ಬಿಗೆ ಹಾಕುವಂತಿಲ್ಲ, ಸದ್ದಾಗುತ್ತದೆ ಅಂತ. ಭಾನುವಾರದ ವಿಶ್ರಾಂತಿ ಇವರ ಸಂವಿಧಾನದಲ್ಲೇ ಇದೆ. ಚರ್ಚಿಗೆ ಬರುವವರು ಕಡಿಮೆ ಅಂತ ನೀನು ಬೇಜಾರಾಗುತ್ತೀಯ. ಬೆಂಚುಗಳು ಖಾಲಿ ಇರುವುದು ನಿಜ. ಆದರೆ ಆ ಸಬ್ಬತ್ ದಿನವನ್ನು ಇನ್ನೂ ಕಾಪಾಡಿಕೊಂಡಿದ್ದಾರಲ್ಲ, ಅದು ನನಗೆ ಇಷ್ಟ.

ಆ ಅಜ್ಜಿಯ ಕೈಯನ್ನು ಆಮೇಲೆ ಹಿಡಿದೆ ಅವ್ವ. ರಜೆ ಮುಗಿಸಿ ಹೋದಾಗ ಅವರು ಇನ್ನೂ ಅದೇ ಮಂಚದಲ್ಲಿದ್ದರು.

ಡ್ಯೂಟಿಗೆ ಹೊತ್ತಾಯಿತು, ಬಸ್ಸು ಐದು ನಿಮಿಷದಲ್ಲಿದೆ. ವೈನಿಗೆ, ಸ್ಯಾಮುಗೆ, ದೊಡ್ಡವ್ವನಿಗೆ ನನ್ನ ನೆನಪು ಹೇಳು. ಪುಟ್ಟಿಯ ಸ್ವೆಟರಿನ ಅಳತೆ ಕಳಿಸು. ಅಣ್ಣನಿಗೆ ಬೇರೆ ಬರೆಯುತ್ತೇನೆ. ಎಲ್ಲಾ ಸರಿಹೋಗುತ್ತದೆ, ಖಂಡಿತ ಸರಿಹೋಗುತ್ತದೆ.

ನಿನ್ನ ಮಗಳು

ಮರೆತಿದ್ದೆ: ರಾತ್ರಿ ಒಂಬತ್ತಾದ ಮೇಲೆ ಬೈಕಿನ ಕೀಲಿ ನಿನ್ನ ಸೆರಗಿನ ಗಂಟಿನಲ್ಲಿರಲಿ. ಯಾರು ಕೇಳಿದರೂ ಕೊಡಬೇಡ, ಅಪ್ಪ ಕೇಳಿದರೂ.